ನಿಮ್ಮ ತೋಟದ ಸಿಲ್ವರ್ ಮರದಿಂದ ಶುರುಮಾಡಿ

ನಮಸ್ಕಾರ,

ಮೂಡಿಗೆರೆಯಿಂದ ನೀವು ಕಳಿಸಿದ ‘ಮಾಟಗಾತಿ ಗಿಡದ ಕುಟುಂಬ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಇದರೊಳಗೆ ಒಳ್ಳೆಯ ಬರಹ ಇದೆ. ಅದು ಏಳನೇ ಪುಟದಲ್ಲಿ ಕೂತಿದೆ, ಅಷ್ಟೆ.

ಮೊದಲು ಹೆಸರಿನ ವಿಚಾರ. ನೀವು ಮಾಟಗಾತಿ ಗಿಡ ಅಂದಿರುವುದು ವಿಚ್ ಹೇಜಲ್ ಎಂಬ ಗಿಡವನ್ನು, ಆದರೆ ಅಲ್ಲಿ ‘ವಿಚ್’ ಅಂದರೆ ಮಾಟಗಾತಿ ಅಲ್ಲ. ಸುಲಭವಾಗಿ ಬಾಗುವಂಥದ್ದು ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದ ಅದು. ಬಳುಕುವ ಕೊಂಬೆಯ ಹೆಸರು. ಹಾಗಾಗಿ ಶೀರ್ಷಿಕೆಯನ್ನೂ, ಅದರ ಮೇಲೆ ಕಟ್ಟಿದ ಎರಡು ಪುಟವನ್ನೂ ತೆಗೆಯಲೇಬೇಕು.

ಆಮೇಲೆ ಆ ಕುಟುಂಬದ ಗಿಡಗಳ ಬರೀ ಹೆಸರುಗಳ ಪಟ್ಟಿ. ಪ್ಯಾರೋಟಿಯಾ, ಲೋರೋಪೆಟಲಮ್, ಹೀಗೆ ಇಪ್ಪತ್ತಕ್ಕೂ ಜಾಸ್ತಿ. ಒಂದು ಗಿಡವೂ ಕಣ್ಣಿಗೆ ಕಟ್ಟಲಿಲ್ಲ. ಒಂದನ್ನೇ ಹಿಡಿದು ತೋರಿಸಿ. ಅಮೆರಿಕದ ವಿಚ್ ಹೇಜಲ್, ಅಂದರೆ ಹಮಾಮೆಲಿಸ್ ವರ್ಜಿನಿಯಾನಾ, ಎಲೆ ಉದುರಿಸುವ ಕಾಲಕ್ಕೆ ಹೂ ಬಿಡುತ್ತದೆ. ನಾಲ್ಕೇ ಎಸಳು, ಹಳದಿ ರಿಬ್ಬನ್ ಕತ್ತರಿಸಿ ಅಂಟಿಸಿದ ಹಾಗೆ. ಕಾಯಿ ಬಲಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅದಕ್ಕೇ ಹೋದ ವರ್ಷದ ಕಾಯಿ, ಈ ವರ್ಷದ ಹೂ ಎರಡೂ ಒಂದೇ ಗಿಡದಲ್ಲಿ ಸಿಗುತ್ತವೆ. ಕಾಯಿ ಒಣಗಿದರೆ ಸಿಡಿದು ಬೀಜ ದೂರಕ್ಕೆ ಹಾರುತ್ತದೆ. ಅಂಗಳದಲ್ಲಿ ಒಣಹಾಕಿದ ಹರಳುಕಾಯಿ ಬಿಸಿಲಿಗೆ ಚಟ್ ಅನ್ನುತ್ತದಲ್ಲ, ಹಾಗೆ. ಇಷ್ಟು ಹೇಳಿದರೆ ನಮ್ಮ ಹಾಸನದ ಓದುಗರಿಗೆ ಗಿಡ ಎದುರಿಗೇ ನಿಲ್ಲುತ್ತದೆ.

ಲಿಕ್ವಿಡಾಂಬರ್ ಮರ ಈಗ ವಿಚ್ ಹೇಜಲ್ ಕುಟುಂಬದಲ್ಲಿಲ್ಲ, ಆಲ್ಟಿಂಜಿಯೇಸಿ ಎಂಬ ಬೇರೆ ಕುಟುಂಬದಲ್ಲಿದೆ. ಅದನ್ನು ತಿದ್ದಿ.

ಈಗ ಏಳನೇ ಪುಟ. ‘ಕಾಶ್ಮೀರದ ಚಿನಾರ್ ಮರ ನಮ್ಮ ತೋಟದ ಸಿಲ್ವರ್ ಮರದ ನೆಂಟ’ ಎಂದು ಒಂದೇ ಸಾಲು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ನಿಂತುಬಿಟ್ಟೆ. ಇಡೀ ಲೇಖನ ಇದೇ ಆಗಬೇಕು! 1981ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಕ್ರಾಂಕ್ವಿಸ್ಟ್ ಮಾಡಿದ ವರ್ಗೀಕರಣದಲ್ಲಿ ಚಿನಾರ್ ಇದ್ದದ್ದು ವಿಚ್ ಹೇಜಲ್ ಜೊತೆ, ಒಂದೇ ಗಣದಲ್ಲಿ, ಅಂದರೆ ಹಲವು ಕುಟುಂಬಗಳು ಸೇರಿದ ದೊಡ್ಡ ಗುಂಪಿನಲ್ಲಿ. ಆ ಗುಂಪಿನಲ್ಲಿ ಪುಟ್ಟ ಹೂ, ಎಷ್ಟೋ ಗಿಡಗಳಲ್ಲಿ ಎಸಳೇ ಇಲ್ಲ, ಹಲವಕ್ಕೆ ಗಾಳಿಯಿಂದ ಪರಾಗಸ್ಪರ್ಶ. ನೋಡಿದವರು ಒಂದೇ ಬಳಗ ಅಂದುಕೊಳ್ಳುವುದು ಸಹಜ ಅಲ್ವಾ? ಆದರೆ ಗಾಳಿಯನ್ನು ನಂಬಿದ ಗಿಡಕ್ಕೆ ದೊಡ್ಡ ಎಸಳು ಬೇಕಾಗಿಲ್ಲ. ಸಂಬಂಧವೇ ಇಲ್ಲದ ಗಿಡಗಳಲ್ಲೂ ಈ ಹೋಲಿಕೆ ಬರಬಹುದು. ಜೀನ್‌ಗಳನ್ನು ಹೋಲಿಸಿದಾಗ ಅದು ಗೊತ್ತಾಯಿತು. ಜೀನ್ ಆಧಾರದ ಮೇಲೆ ಹಲವು ಸಸ್ಯವಿಜ್ಞಾನಿಗಳು ಸೇರಿ ಮಾಡಿದ 1998ರ ಎಪಿಜಿ ವರ್ಗೀಕರಣದಲ್ಲಿ ಚಿನಾರ್, ಸಿಲ್ವರ್, ಕೆರೆಯ ತಾವರೆ ಮೂರೂ ಪ್ರೋಟಿಯೇಲ್ಸ್ ಎಂಬ ಒಂದೇ ಗಣಕ್ಕೆ ಬಂದವು. ತಾವರೆಯನ್ನು ನೀವು ಬಿಟ್ಟೇಬಿಟ್ಟಿದ್ದೀರಿ.

ಹಾಗಾದರೆ ವಿಚ್ ಹೇಜಲ್ ಎಲ್ಲಿಗೆ ಹೋಯಿತು? ಸ್ಯಾಕ್ಸಿಫ್ರಗೇಲ್ಸ್ ಗಣಕ್ಕೆ. ಅಲ್ಲಿ ಅದಕ್ಕೆ ಜೊತೆ ಯಾರು ಗೊತ್ತಾ? ಎಲೆಯ ಅಂಚಿನಲ್ಲೇ ಮರಿ ಗಿಡ ಏಳುವ ನಮ್ಮ ಕಾಡುಬಸಳೆ. ಅಜ್ಜಿ ಹಿತ್ತಿಲಲ್ಲಿ ಅದನ್ನು ಬೆಳೆಸಿದ್ದನ್ನು ಮೊದಲ ಪುಟದಲ್ಲಿ ಸುಮ್ನೆ ಹೇಳಿ ಬಿಟ್ಟಿದ್ದೀರಿ. ಅದನ್ನು ಇಲ್ಲಿಗೆ ತನ್ನಿ.

ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರದಿಂದ ಶುರುಮಾಡಿ, ಹಿತ್ತಿಲಿಗೆ ಬನ್ನಿ. ನಾಲ್ಕು ಪುಟ ಸಾಕು. ಕಾಫಿ ಕೊಯ್ಲು ಶುರುವಾದರೆ ನಿಮಗೆ ಪುರುಸೊತ್ತು ಸಿಗುವುದಿಲ್ಲ, ಅದಕ್ಕೆ ಮುಂಚೆ ಕಳಿಸಿ. ಸಿಲ್ವರ್ ಹೂವಿನ ಫೋಟೊ ಇದ್ದರೆ ಜೊತೆಗಿರಲಿ.

ಪ್ರೀತಿಯಿಂದ,
ಸಂಪಾದಕ