ಪೆಲ್ಟಿಯರ್ ಪೆಟ್ಟಿಗೆ 20 ಡಿಗ್ರಿಗೇ ನಿಂತುಬಿಟ್ಟರೆ

ಸಕಲೇಶಪುರದ ಅಣ್ಣನವರಿಗೆ ಉತ್ತರ. ತೋಟದ ಮನೆಯಲ್ಲಿ ನೀರು, ಮಜ್ಜಿಗೆ ತಣ್ಣಗಿಡಲು ಥರ್ಮಾಕೋಲ್ ಪೆಟ್ಟಿಗೆಗೆ ಟಿಇಸಿ1-12706 ಪೆಲ್ಟಿಯರ್ (ಕರೆಂಟ್ ಕೊಟ್ಟರೆ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿಯಾಗುವ ಚಪ್ಪಟೆ ಮಾಡ್ಯೂಲ್) ಕೂರಿಸಿ, ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿನಿಂದ ನಡೆಸುತ್ತಿದ್ದೀರಿ. ಒಳಗೆ 20 ಡಿಗ್ರಿಗಿಂತ ಕೆಳಗೆ ಇಳಿಯುತ್ತಿಲ್ಲ, ಕೋಡ್ ತಪ್ಪಾ ಅಂತ ಕೇಳಿದ್ದೀರಿ. ಕೋಡ್ ಪೂರ್ತಿ ಓದಿದೆ, ಚೆನ್ನಾಗಿಯೇ ಇದೆ. ನಿಮ್ಮ ಫೋಟೋದಲ್ಲಿ ಬಿಸಿ ಬದಿಗೆ ಹಾಕಿರುವ, ಶಾಖವನ್ನು ಗಾಳಿಗೆ ಬಿಡುವ ಲೋಹದ ಹೀಟ್‌ಸಿಂಕ್ ಬೆಂಕಿಪೊಟ್ಟಣದಷ್ಟಿದೆ, ತೊಂದರೆ ಅಲ್ಲಿದೆ.

ಪೆಲ್ಟಿಯರ್ ಮಾಡುವುದು ಒಂದೇ ಕೆಲಸ, ಒಂದು ಬದಿಯ ಶಾಖವನ್ನು ಇನ್ನೊಂದು ಬದಿಗೆ ಸಾಗಿಸುವುದು. 12 ವೋಲ್ಟ್ ಕೊಟ್ಟರೆ 12706 ಸುಮಾರು 4ರಿಂದ 5 ಆಂಪ್ ಎಳೆಯುತ್ತದೆ, ಅಂದರೆ 50-60 ವ್ಯಾಟ್. ಪೆಟ್ಟಿಗೆಯಿಂದ ಎತ್ತುವ ಶಾಖ 20 ವ್ಯಾಟ್ ಆಸುಪಾಸು. ಎರಡೂ ಸೇರಿ 70-80 ವ್ಯಾಟ್ ಬಿಸಿ ಬದಿಯಿಂದ ಹೊರಗೆ ಹೋಗಲೇಬೇಕು. ಹೋಗದಿದ್ದರೆ ಬಿಸಿ ಬದಿ ಏರುತ್ತದೆ, ಅದರ ಜೊತೆ ತಣ್ಣನೆ ಬದಿಯೂ ಏರುತ್ತದೆ. ಡೇಟಾಶೀಟಿನಲ್ಲಿ ಎರಡು ಬದಿಗಳ ನಡುವೆ 65 ಡಿಗ್ರಿಗೂ ಜಾಸ್ತಿ ಅಂತರ ಬರೆದಿರುತ್ತಾರೆ. ಶಾಖ ಏನೂ ಸಾಗಿಸದೆ ಇದ್ದಾಗಿನ ಲೆಕ್ಕ ಅದು, ನಂಬಿಕೊಳ್ಳಬೇಡಿ.

ಹಳೇ ಡೆಸ್ಕ್‌ಟಾಪಿನ ಸಿಪಿಯು ಕೂಲರ್ ಹುಡುಕಿ. ತಾಮ್ರದ ಪೈಪು, ದೊಡ್ಡ ಫ್ಯಾನ್ ಇರುವಂಥದ್ದು. ಹಾಸನದ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ವಿಚಾರಿಸಿ, ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರೋಡಿನಿಂದ ತರಿಸಿ. ಪೆಲ್ಟಿಯರ್ ಮತ್ತು ಕೂಲರ್ ನಡುವೆ, ಶಾಖ ದಾಟಿಸುವ ಥರ್ಮಲ್ ಪೇಸ್ಟ್ ತೆಳ್ಳಗೆ ಹಚ್ಚಿ. ಸ್ಕ್ರೂಗಳನ್ನು ಎರಡೂ ಕಡೆ ಸಮವಾಗಿ, ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದೇ ಕಡೆ ಒತ್ತಿದರೆ ಸೆರಾಮಿಕ್ ಬಿರುಕು ಬಿಡುತ್ತದೆ. ಹೀಟ್‌ಸಿಂಕ್ ಇಲ್ಲದೆ ಸುಮ್ನೆ ಟೆಸ್ಟ್ ಮಾಡೋಣ ಅಂತ ಕರೆಂಟ್ ಕೊಡಲೇಬೇಡಿ, ಕೆಲವೇ ಸೆಕೆಂಡಿನಲ್ಲಿ ಸುಟ್ಟುಹೋಗಬಹುದು.

ಪೆಟ್ಟಿಗೆಗೆ ಶಿರಾಡಿ ಘಾಟಿ ಹತ್ತಿ ಬರುವ ಮೀನಿನ ದಪ್ಪ ಥರ್ಮಾಕೋಲ್ ಡಬ್ಬವೇ ಸಾಕು, ಚೆನ್ನಾಗಿ ತೊಳೆದು ಒಣಗಿಸಿ. ನಮ್ಮ ಮಳೆಗಾಲದ ತೇವಕ್ಕೆ ತಣ್ಣನೆ ಬದಿಯಲ್ಲಿ ನೀರು ಕೂರುತ್ತದೆ. ಮಾಡ್ಯೂಲಿನ ಅಂಚಿಗೆ ಸುತ್ತಲೂ ಸಿಲಿಕೋನ್ ಸೀಲೆಂಟ್ ಹಾಕಿ, ಇಲ್ಲದಿದ್ದರೆ ಒಳಗೆ ತುಕ್ಕು ಹಿಡಿಯುತ್ತದೆ.

ಇನ್ನು ಸರ್ಕ್ಯೂಟ್. ಪೆಲ್ಟಿಯರನ್ನು ಆನ್-ಆಫ್ ಮಾಡಲು ನೀವು ಹಾಕಿರುವ ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್ ನ್ಯಾನೊದ 5 ವೋಲ್ಟಿಗೆ ಪೂರ್ತಿ ತೆರೆಯುವುದಿಲ್ಲ, ಅದೇ ಬಿಸಿಯಾಗುತ್ತದೆ. ಐಆರ್‌ಎಲ್‌ಝಡ್44ಎನ್ ಹಾಕಿ. ಅದರ ಗೇಟಿನಿಂದ (ನ್ಯಾನೊದ ಸಿಗ್ನಲ್ ಬರುವ ಕಾಲು) ಗ್ರೌಂಡಿಗೆ 10 ಕಿಲೋ ಓಮ್ ರೆಸಿಸ್ಟರ್ ಇರಲಿ. ಡಿಎಸ್18ಬಿ20 ಉಷ್ಣಾಂಶ ಸೆನ್ಸರ್ ಇನ್ನೊಂದು ತಂದು ಬಿಸಿ ಹೀಟ್‌ಸಿಂಕಿಗೆ ಕಟ್ಟಿ. ಡೇಟಾ ತಂತಿ, 4.7 ಕಿಲೋ ಓಮ್ ರೆಸಿಸ್ಟರ್ ಎರಡಕ್ಕೂ ಒಂದೇ ಸಾಕು. ಬಿಸಿ ಬದಿ 60 ಡಿಗ್ರಿ ದಾಟಿದರೆ ಪೆಲ್ಟಿಯರ್ ಆಫ್ ಆಗುವಂತೆ ಕೋಡಿನಲ್ಲಿ ಒಂದು ಸಾಲು ಸೇರಿಸಿ. ಫ್ಯಾನ್ ನಿಂತರೆ ಮಾಡ್ಯೂಲ್ ಉಳಿಯುವುದು ಇದರಿಂದಲೇ.

ಒಂದು ವಿಷಯ ತುಂಬಾ ಜನ ಗಮನಿಸುವುದಿಲ್ಲ. ಪೆಲ್ಟಿಯರ್ ಆಫ್ ಆದ ಕ್ಷಣವೇ ಬಿಸಿ ಹೀಟ್‌ಸಿಂಕಿನ ಶಾಖ ಅದೇ ಮಾಡ್ಯೂಲಿನ ಮೂಲಕ ಪೆಟ್ಟಿಗೆಯೊಳಗೆ ವಾಪಸ್ ಬರುತ್ತದೆ. ಹಾಗಾಗಿ ಹೊರಗಿನ ಫ್ಯಾನ್ ಇನ್ನೂ ಒಂದೆರಡು ನಿಮಿಷ ಓಡಲಿ. ಸೋಲಾರ್ ಬ್ಯಾಟರಿ ಮೇಲೆ ನಡೆಸುವುದಾದರೆ ಎರಡು ಮಾಡ್ಯೂಲನ್ನು ಸೀರೀಸಿನಲ್ಲಿ (ಒಂದರ ಹಿಂದೆ ಒಂದು) ಹಾಕಿ 12 ವೋಲ್ಟ್ ಕೊಡಿ. ಒಂದೊಂದಕ್ಕೆ 6 ವೋಲ್ಟ್ ಸಿಗುತ್ತದೆ. ಒಟ್ಟು ಕರೆಂಟ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ, ಎಳೆದ ಪ್ರತಿ ವ್ಯಾಟಿಗೆ ಜಾಸ್ತಿ ತಂಪು ಸಿಗುತ್ತದೆ. ನನಗಂತೂ ಇದೇ ಇಷ್ಟ.

ಫ್ರಿಜ್ಜಿನ ವೇಗ ಮಾತ್ರ ನಿರೀಕ್ಷಿಸಬೇಡಿ. 1 ಲೀಟರ್ ನೀರು 28ರಿಂದ 10 ಡಿಗ್ರಿಗೆ ಇಳಿಯಲು ಸುಮಾರು 75 ಕಿಲೋಜೂಲ್ ಶಾಖ ತೆಗೆಯಬೇಕು. 20 ವ್ಯಾಟಿನಲ್ಲಿ ಅದಕ್ಕೇ ಒಂದು ಗಂಟೆ ದಾಟುತ್ತದೆ, ಸೋರಿಕೆ ಬೇರೆ. ರಾತ್ರಿಯೇ ತುಂಬಿಸಿಟ್ಟರೆ ಬೆಳಿಗ್ಗೆ ಆಳುಗಳು ಬರುವ ಹೊತ್ತಿಗೆ ತಣ್ಣಗಿರುತ್ತದೆ.

ಈಗಿನ ಹೀಟ್‌ಸಿಂಕ್ ಅರ್ಧ ಗಂಟೆ ಓಡಿದ ಮೇಲೆ ಎಷ್ಟು ಡಿಗ್ರಿ ಇದೆ ಅಂತ ಅಳೆದು ಇಲ್ಲೇ ಹಾಕಿ. ಯಾವ ಅಳತೆಯ ಕೂಲರ್ ಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.