ಕಾರವಾರ ಬಂದರಿನಲ್ಲಿ ಮೀನಿನ ತೂಕ ಸುಳ್ಳು ಬರೆಸುತ್ತಾರೆ, ಕೆಲಸ ಬಿಡಲೇ?
ನಿಮ್ಮನ್ನು ಕಟ್ಟಿಹಾಕಿರುವುದು ಕೆಲಸ ಹೋಗುವ ಭಯ ಅನ್ನಿಸುತ್ತದೆ. ಧಣಿ ಬಂಗಡೆ ಬುಟ್ಟಿಯ ತೂಕ ಕಡಿಮೆ ಬರೆಸುತ್ತಾರೆ ಎಂದಿರಿ. ಅದಕ್ಕೇ ಈಗಲೇ ರಾಜೀನಾಮೆ ಬೇಡ. ಬೈಬಲಿನ ಲೂಕ 3ರಲ್ಲಿ ಸುಂಕದವರು ಬಂದು ನಾವೇನು ಮಾಡಬೇಕು ಎಂದು ಕೇಳಿದಾಗ ಸ್ನಾನಿಕನಾದ ಯೋಹಾನ ಕೆಲಸ ಬಿಡಿ ಅನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಜಾಸ್ತಿ ತೆಗೆದುಕೊಳ್ಳಬೇಡಿ ಅಂದ.

ಮೊದಲು ಧಣಿ ಒಬ್ಬರೇ ಇರುವಾಗ ಮಾತಾಡಿ. ಹರಾಜಿನ ಗದ್ದಲದಲ್ಲಿ, ದೋಣಿಯವರ ಎದುರು ಬೇಡ, ಅವರ ಮಾನ ಹೋಗುತ್ತದೆ. ಬೈಬಲ್ ವಚನ ಹೇಳಲೂ ಹೋಗಬೇಡಿ, ಸುಮ್ನೆ ಉಪದೇಶ ಆಗುತ್ತದೆ ಅಲ್ವಾ? "ಕಾಟಾ ತೋರಿಸಿದ್ದನ್ನೇ ಬರೆಯುತ್ತೇನೆ, ಒಂದು ವಾರ ನೋಡಿ" ಅನ್ನಿ. ಬೈಬಲಿನಲ್ಲಿ ಅರಮನೆಯ ಊಟ ಬೇಡವೆಂದ ದಾನಿಯೇಲನೂ ಕೇಳಿದ್ದು 10 ದಿನದ ಪರೀಕ್ಷೆಯನ್ನೇ.

ಒಪ್ಪುತ್ತಾರೋ ಇಲ್ಲವೋ ಹೇಳಲಾರೆ. ಒಪ್ಪದಿದ್ದರೆ ಲೆಕ್ಕದ ಬದಲು ಐಸ್ ತುಂಬುವ ಕೆಲಸ ಕೇಳಿ. ಅದೂ ಇಲ್ಲವೆಂದರೆ ಬೇರೆ ಧಣಿಯನ್ನು ಹುಡುಕಿ. ಅಲ್ಲಿಯವರೆಗೂ ಸುಳ್ಳು ಚೀಟಿಗೆ ಸಹಿ ಮಾತ್ರ ಹಾಕಬೇಡಿ.