ಜಂಪ್‌ಸೀಟ್ ಕೇಳಿ ಬಂದ ಗೆಳೆಯ

"ನಾಲ್ಕು ದಿನ ವಿಮಾನ ಹಾರಿಸಿ ಮನೆಗೆ ಬರ್ತಾರೆ ಮೇಡಂ. ಬಂದ ಮೇಲೆ ಮೂರು ದಿನ ಫೋನಿನಲ್ಲೇ ಇರ್ತಾರೆ. ಯಾರ ಜೊತೆ ಜಗಳ ಅಂತ ಕೇಳಿದ್ರೆ, ನಿಂಗೆ ಅರ್ಥ ಆಗಲ್ಲ ಬಿಡು ಅಂತಾರೆ."

ಹೆಂಡತಿ ಇಷ್ಟು ಹೇಳುವಷ್ಟು ಹೊತ್ತೂ ಗಂಡ ತಲೆ ತಗ್ಗಿಸಿ ಕೂತಿದ್ದರು. ಅವರು ಬಾಯಿಬಿಟ್ಟಾಗ ಕೇಳಿದ್ದು ಬೇರೆಯೇ: "ನಾನಿಲ್ಲಿಗೆ ಬಂದಿದ್ದನ್ನ ಮೆಡಿಕಲ್ ಫಾರ್ಮಿನಲ್ಲಿ ಬರೀಬೇಕಾ?"

ಇದು 2014ರ ಚಳಿಗಾಲದ ಮಾತು. ನಾನು ಆಪ್ತಸಲಹೆ ನೀಡುವುದು ಅಮೆರಿಕದ ಒಂದು ನಗರದಲ್ಲಿ. ಕನ್ನಡದಲ್ಲೇ ಮಾತಾಡಬೇಕು ಅನ್ನುವವರು ಅವರಿವರನ್ನು ವಿಚಾರಿಸಿಕೊಂಡು ನನ್ನ ಬಳಿ ಬರುತ್ತಾರೆ. ಈ ದಂಪತಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಹಿಡಿಯಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ.

ಪೈಲಟ್‌ಗಳ ಈ ಭಯವನ್ನು ಹಗುರವಾಗಿ ಕಾಣಬಾರದು. ವೈದ್ಯಕೀಯ ಪ್ರಮಾಣಪತ್ರ ಹೋದರೆ ಅನ್ನವೇ ಹೋದಂತೆ. ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎಯ ಅರ್ಜಿಯಲ್ಲಿ ಹಿಂದಿನ ಮೂರು ವರ್ಷ ಯಾವ ಯಾವ ವೈದ್ಯರನ್ನು, ತಜ್ಞರನ್ನು ಕಂಡಿರಿ ಎಂದು ಕೇಳುತ್ತಾರೆ. ಆದರೆ ಆಪ್ತಸಲಹೆಯ ಭೇಟಿ ವ್ಯಸನಕ್ಕೋ ಮಾನಸಿಕ ಕಾಯಿಲೆಗೋ ಸಂಬಂಧಿಸಿದ್ದಾದರೆ ಮಾತ್ರ ನಮೂದಿಸಿ ಎಂದು ಅದರ ಸೂಚನೆಯಲ್ಲೇ ಇದೆ. ಅದನ್ನು ತೆಗೆದು ತೋರಿಸಿದೆ. "ನನ್ನ ಮಾತೊಂದನ್ನೇ ನಂಬಬೇಡಿ. ನಿಮ್ಮ ಏವಿಯೇಶನ್ ಡಾಕ್ಟರನ್ನೂ ಯೂನಿಯನ್ನಿನ ವೈದ್ಯಕೀಯ ವಿಭಾಗದವರನ್ನೂ ಕೇಳಿ. ಮುಚ್ಚಿಟ್ಟು ಬರೆಯೋದು ಮಾತ್ರ ಬೇಡ" ಎಂದೆ. ಅವರ ಹೆಗಲು ಸ್ವಲ್ಪ ಸಡಿಲವಾಯಿತು.

ನಿದ್ದೆಯ ಬಗ್ಗೆ ಕೇಳಿದೆ. ಆ ಜನವರಿಯಲ್ಲಷ್ಟೇ ಹೊಸ ನಿಯಮ ಬಂದಿತ್ತು: ಡ್ಯೂಟಿಗೆ ಮುನ್ನ 10 ಗಂಟೆ ವಿಶ್ರಾಂತಿ, ಅದರಲ್ಲಿ 8 ಗಂಟೆ ನಿದ್ದೆಗೆ ಅವಕಾಶ. "ಅವಕಾಶ ಇರುತ್ತೆ ಮೇಡಂ, ನಿದ್ದೆ ಬರಲ್ಲ" ಎಂದರು.

ಜಗಳದ ಮೂಲ ಒಂದು ಒಪ್ಪಂದ. ಇವರು 50 ಸೀಟಿನ ಜೆಟ್ಟಿನ ಕ್ಯಾಪ್ಟನ್. ವಿಮಾನದ ಮೈಮೇಲಿನ ಬಣ್ಣ, ಹೆಸರು ದೊಡ್ಡ ಸಂಸ್ಥೆಯದು, ಟಿಕೆಟ್ ಮಾರುವವರೂ ಅವರೇ. ಹಾರಿಸುವುದು ಮಾತ್ರ ಗುತ್ತಿಗೆ ಹಿಡಿದ ಪ್ರಾದೇಶಿಕ ಸಂಸ್ಥೆ. ಅದಕ್ಕೆ ಸಿಗುವುದು ಹಾರಾಟದ ಲೆಕ್ಕದ ದುಡ್ಡು. ಇವತ್ತು ಇವರ ಕೈಲಿರುವ ವಿಮಾನ ನಾಳೆ ಅಗ್ಗಕ್ಕೆ ಒಪ್ಪಿದವರ ಕೈಗೆ ಹೋಗಬಹುದು. ಪೈಲಟ್‌ಗಳು ಇದಕ್ಕೆ ವಿಪ್‌ಸಾ ಅನ್ನುತ್ತಾರೆ. ಇಬ್ಬರು ಎರಡು ತುದಿ ಹಿಡಿದು ಎಳೆಯುವ ಗರಗಸ ಅದು. 2013ರಲ್ಲಿ ಪಿಎಸ್‌ಎ ಎಂಬ ಸಂಸ್ಥೆಯ ಪೈಲಟ್‌ಗಳು ಸಂಬಳದಲ್ಲಿ ರಿಯಾಯಿತಿಗೆ ಒಪ್ಪಿದ ಮೇಲೆ ಹೊಸ, ದೊಡ್ಡ ಜೆಟ್‌ಗಳು ಅವರ ಪಾಲಾಗಿದ್ದವು. ಆಮೇಲೆ ಉಳಿದವರೆಲ್ಲರ ಮುಂದೆಯೂ ಅದೇ ಉದಾಹರಣೆ ಇಟ್ಟರು.

ಇವರ ಯೂನಿಯನ್ನಿನವರು ಆಡಳಿತದ ಜೊತೆ ಕೂತು ಒಂದು ತಾತ್ಕಾಲಿಕ ಒಪ್ಪಂದ ತಂದಿದ್ದರು. ಪೈಲಟ್‌ಗಳ ಬಾಯಲ್ಲಿ ಅದು ಬರೀ 'ಟಿಎ'. ಕೆಲವು ವರ್ಷ ಸಂಬಳ ಏರುವುದಿಲ್ಲ, ಒಂದು ಮಟ್ಟ ಮುಟ್ಟಿದ ಮೇಲೆ ಸ್ಕೇಲ್ ಅಲ್ಲಿಗೇ ನಿಲ್ಲುತ್ತದೆ. ಬದಲಿಗೆ 76 ಸೀಟಿನ ಹೊಸ ವಿಮಾನಗಳ ಭರವಸೆ. 50 ಸೀಟಿನವು ಮೂಲೆಗೆ ಸರಿಯುತ್ತಿದ್ದ ಕಾಲ ಅದು. ಸದಸ್ಯರು ಮತ ಹಾಕಬೇಕಿತ್ತು.

"ಬೇಡ ಅಂದ್ರೆ ಸ್ಟ್ರೈಕ್ ಮಾಡಬಹುದಲ್ವಾ?" ಎಂದು ಹೆಂಡತಿ ಕೇಳಿದರು. ಅದು ಅಷ್ಟು ಸುಲಭವಿಲ್ಲ. 1926ರ ರೈಲ್ವೆ ಲೇಬರ್ ಆಕ್ಟ್ 1936ರಲ್ಲಿ ವಿಮಾನ ಸಂಸ್ಥೆಗಳಿಗೂ ಅನ್ವಯವಾಯಿತು. ಅದರಡಿ ಒಪ್ಪಂದ ಮುಗಿದುಹೋಗುವುದಿಲ್ಲ, ತಿದ್ದುಪಡಿಗೆ ತೆರೆದುಕೊಳ್ಳುತ್ತದೆ ಅಷ್ಟೆ. ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಎರಡೂ ಕಡೆಯವರನ್ನು ಬಿಡುಗಡೆ ಮಾಡಬೇಕು, ಆಮೇಲೆ 30 ದಿನ ಕಾಯಬೇಕು. ಕೆಲಸ ಬಿಟ್ಟು ಬೇರೆ ಕಡೆ ಹೋಗೋಣವೆಂದರೆ ಸೀನಿಯಾರಿಟಿ ಜೊತೆಗೆ ಬರುವುದಿಲ್ಲ. ಇಪ್ಪತ್ತು ವರ್ಷದ ಕ್ಯಾಪ್ಟನ್ ಆದರೂ ಹೊಸ ಕಡೆ ಪಟ್ಟಿಯ ಕೊನೆಯ ಹೆಸರಾಗಿಯೇ ಶುರು ಮಾಡಬೇಕು.

ಕ್ಯಾಪ್ಟನ್ ಮನಸ್ಸು 'ಬೇಡ' ಕಡೆಗಿತ್ತು. ಪಕ್ಕದಲ್ಲಿ ಕೂರುವ ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ ಸುಮಾರು 25 ಡಾಲರ್. ತಿಂಗಳಿಗೆ 75 ಗಂಟೆಯ ಗ್ಯಾರಂಟಿ ಹಿಡಿದರೆ ವರ್ಷಕ್ಕೆ 22,500. ಆ ಹುಡುಗನ ಮೇಲೆ ಫ್ಲೈಯಿಂಗ್ ಸ್ಕೂಲಿನ ಸಾಲವೂ ಇರುತ್ತದೆ. "ಇದಕ್ಕಿಂತ ಕೆಳಗೆ ಇನ್ನೆಲ್ಲಿಗೆ ಇಳಿಯೋದು?" ಎನ್ನುವುದು ಇವರ ಪ್ರಶ್ನೆ.

ಎರಡು ಭೇಟಿಗಳ ತನಕ ನಾನು ಇದನ್ನು ಗಂಡ ಹೆಂಡಿರ ಮಾತುಕತೆಯ ಸಮಸ್ಯೆ ಎಂದೇ ನಡೆಸಿದೆ. ಅದು ನನ್ನ ತಪ್ಪು. ಮೂರನೆಯ ಸಲ ಅವರೊಬ್ಬರೇ ಬಂದರು. ಕೋಟು ಕೂಡ ಬಿಚ್ಚದೆ ಕೂತು, "ನಾನೊಂದು ಕೆಟ್ಟ ಕೆಲಸ ಮಾಡಿದೀನಿ" ಎಂದರು.

ಅವರ ಜೊತೆ ಕ್ರ್ಯಾಶ್ ಪ್ಯಾಡ್ ಹಂಚಿಕೊಂಡಿದ್ದ ಗೆಳೆಯನೊಬ್ಬನಿದ್ದ. ಬೇರೆ ಊರಲ್ಲಿ ಮನೆ ಇರುವ ಪೈಲಟ್‌ಗಳು, ಡ್ಯೂಟಿ ಶುರುವಾಗುವ ಬೇಸ್ ಹತ್ತಿರ ಕೂಡಿ ಬಾಡಿಗೆ ಹಿಡಿಯುವ, ಮಂಚಗಳೇ ತುಂಬಿದ ಮನೆ ಅದು. ಏಳು ವರ್ಷ ಒಂದೇ ಕುಕ್ಕರಿನ ಅನ್ನ ಉಂಡವರು. ಇವರು ಮಾಡಿದ ಹುಳಿಯನ್ನು ಆ ಅಮೆರಿಕನ್ ಬಟ್ಟಲಿಗೆ ಸುರಿದುಕೊಂಡು ಕುಡಿಯುತ್ತಿದ್ದನಂತೆ. ಅವನು 'ಒಪ್ಪಿಕೊಳ್ಳೋಣ' ಅನ್ನುವವನು. ಅವನು ಹಿಂದೆ ಇದ್ದ ಸಂಸ್ಥೆ ಮುಚ್ಚಿಹೋಗಿತ್ತು. ನಲವತ್ತು ದಾಟಿದ ಮೇಲೆ ಪಟ್ಟಿಯ ಕೊನೆಯಿಂದ ಮತ್ತೆ ಹತ್ತಿ ಬಂದವನು. 65ಕ್ಕೆ ಕಡ್ಡಾಯ ನಿವೃತ್ತಿ. ಇನ್ನೊಮ್ಮೆ ಕೆಳಗೆ ಬಿದ್ದರೆ ಹತ್ತಲು ಅವನ ಬಳಿ ವರ್ಷಗಳೇ ಉಳಿದಿರಲಿಲ್ಲ.

ಇಬ್ಬರೂ ವಾದಕ್ಕೆ ಬಳಸುತ್ತಿದ್ದುದು ಒಂದೇ ಕಥೆ. 2001ರಲ್ಲಿ ಕಾಮ್‌ಏರ್ ಪೈಲಟ್‌ಗಳು 89 ದಿನ ಮುಷ್ಕರ ಹೂಡಿ ಒಳ್ಳೆಯ ಒಪ್ಪಂದ ಪಡೆದಿದ್ದರು. 2012ರ ಸೆಪ್ಟೆಂಬರಿನಲ್ಲಿ ಆ ಸಂಸ್ಥೆಯೇ ಮುಚ್ಚಿತು. ನಿಂತರೆ ಸಿಗುತ್ತದೆ ಎಂದು ಇವರು, ಸಿಕ್ಕಿದ್ದು ಉಳಿಯಲಿಲ್ಲ ಎಂದು ಅವನು.

ಯೂನಿಯನ್ನಿನವರು ಒಪ್ಪಂದ ವಿವರಿಸಲು ಕರೆದ ರೋಡ್‌ಶೋ ಸಭೆಯಲ್ಲಿ ಇವರು ಎದ್ದು ನಿಂತು, ಎಲ್ಲರೆದುರು ಅವನನ್ನು 'ಮಾರಿಕೊಂಡವನು' ಎಂದರು. ಅದಾದ ನಾಲ್ಕನೇ ದಿನ ರಾತ್ರಿ, ಕೊನೆಯ ವಿಮಾನ. ಸೀಟೆಲ್ಲ ಭರ್ತಿ. ಉಳಿದಿದ್ದು ಕಾಕ್‌ಪಿಟ್ಟಿನ ಮಡಚುವ ಜಂಪ್‌ಸೀಟ್ ಒಂದೇ. ಅದರಲ್ಲಿ ಕೂರಬೇಕಾದರೆ ಎಂಥ ಪೈಲಟ್ಟೇ ಆಗಲಿ, ಬಾಗಿಲ ಬಳಿ ನಿಂತು ಕ್ಯಾಪ್ಟನ್ನಿನ ಅನುಮತಿ ಕೇಳಬೇಕು. ಗೆಳೆಯ ಬಂದು ಕೇಳಿದ. ಮರುದಿನ ಅವನ ಮಗನ ಹುಟ್ಟುಹಬ್ಬ. ಇವರಿಗೆ ಅದು ಗೊತ್ತಿತ್ತು.

"ಇವತ್ತು ಆಗಲ್ಲ ಅಂದೆ. ಕಾರಣ ಕೇಳಲಿಲ್ಲ ಅವನು. ಬ್ಯಾಗ್ ಎತ್ಕೊಂಡು ಹೋದ. ಖಾಲಿ ಸೀಟ್ ಬೆನ್ನ ಹಿಂದೆ ಇಟ್ಕೊಂಡು ಮನೆವರೆಗೂ ಹಾರಿಸಿದೆ."

ಅಂದಿನಿಂದ ನಿದ್ದೆ ಇಲ್ಲ. ಸಂಬಳದ ಚಿಂತೆ ಇತ್ತು, ನಿಜ. ಆದರೆ ನಿದ್ದೆ ಕೆಡಿಸಿದ್ದು ಆ ಸೀಟು.

"ನಿಮ್ಮ ಮನೇಲಿ ಇಂಥದ್ದು ಹಿಂದೆ ನಡೆದಿದೆಯಾ?" ಎಂದು ಕೇಳಿದೆ. ಅಂದಾಜಿನಿಂದ ಕೇಳಿದ್ದಲ್ಲ, ಎಲ್ಲರನ್ನೂ ಕೇಳುವ ಪ್ರಶ್ನೆ. ಅವರು ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಬಂತು, ಬೆಂಗಳೂರು. 1980ರ ಡಿಸೆಂಬರ್ ಕೊನೆಯಲ್ಲಿ ಶುರುವಾಗಿ 1981ರ ಮಾರ್ಚ್‌ವರೆಗೆ, 77 ದಿನ ನಡೆದ ಸಾರ್ವಜನಿಕ ಉದ್ದಿಮೆಗಳ ಮುಷ್ಕರ. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ, ಬಿಇಎಂಎಲ್ ಐದೂ ಕಡೆ ಕೆಲಸ ನಿಂತಿತ್ತು. ಬಿಎಚ್‌ಇಎಲ್‌ನವರಿಗೆ ಸಮನಾದ ಸಂಬಳ ಕೊಡಿ ಎಂಬ ಬೇಡಿಕೆ. ಕೇಳಿದ್ದು ಕೈಗೆ ಬಾರದೆಯೇ ಕಾರ್ಮಿಕರು ಮರಳಿ ಕೆಲಸಕ್ಕೆ ಹೋದರು. ಇವರಪ್ಪ ಅದರಲ್ಲಿ ಕೊನೆಯ ದಿನದವರೆಗೂ ಇದ್ದವರು. ಅಪ್ಪನ ಜೊತೆ ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ ಸ್ನೇಹಿತರೊಬ್ಬರು ಮುಷ್ಕರದ ನಡುವೆಯೇ ಗೇಟ್ ದಾಟಿ ಕೆಲಸಕ್ಕೆ ಹೋಗಿದ್ದರು. "ಅವರ ಹೆಸರು ನಮ್ಮನೇಲಿ ಯಾರೂ ಎತ್ತಬಾರದು. ನಾನಾಗ ತೊಟ್ಟಿಲ ಕೂಸು. ಆದ್ರೂ ಈ ರೂಲ್ ನಂಗೆ ಗೊತ್ತು."

ಈ ಮಾತು ಇಂಗ್ಲಿಷಿನ ಸಲಹೆಗಾರರ ಮುಂದೆ ಬರುತ್ತಿತ್ತೋ ಇಲ್ಲವೋ. ಅವರಪ್ಪ ಬಯ್ದಿದ್ದು ಕನ್ನಡದಲ್ಲಿ. ಸಭೆಯಲ್ಲಿ ಇವರು ಇಂಗ್ಲಿಷಿನಲ್ಲಿ ಬಯ್ದ ಮಾತು ಅಪ್ಪನ ಮಾತಿನ ಅನುವಾದವೇ ಆಗಿತ್ತು.

ನಾನು ಕೊಟ್ಟ ಮೊದಲ ಸಲಹೆ ಮನೆಗೂ ಅಲ್ಲ, ಗೆಳೆತನಕ್ಕೂ ಅಲ್ಲ, ವಿಮಾನಕ್ಕೆ. ಈ ಜಗಳ ಕಾಕ್‌ಪಿಟ್ಟಿನೊಳಕ್ಕೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. ಬಂದಿತ್ತು. ಇಳಿಯುವ ಹೊತ್ತಿನಲ್ಲಿ ಫಸ್ಟ್ ಆಫೀಸರ್ ಮತದ ಮಾತೆತ್ತಿ, ಇವರು ಉತ್ತರ ಕೊಡುತ್ತಾ, ಕಂಟ್ರೋಲರ್‌ನ ಒಂದು ಕರೆ ಇಬ್ಬರಿಗೂ ಕೇಳಿಸಿರಲಿಲ್ಲ. ಎರಡನೇ ಕರೆಗೆ ಓಗೊಟ್ಟರು, ಏನೂ ಆಗಲಿಲ್ಲ. 10,000 ಅಡಿಗಿಂತ ಕೆಳಗೆ ಕೆಲಸಕ್ಕೆ ಬೇಕಿಲ್ಲದ ಮಾತು ಆಡಬಾರದೆಂಬ ನಿಯಮ 1981ರಿಂದಲೂ ಇದೆ. 2009ರ ಫೆಬ್ರವರಿ 12ರಂದು ಬಫಲೋ ಬಳಿ ಕೋಲ್ಗನ್ ಏರ್ ವಿಮಾನ ಬಿದ್ದು 50 ಜನ ಸತ್ತ ಅಪಘಾತದ ತನಿಖೆಯಲ್ಲಿ, ಆ ನಿಯಮ ಮುರಿದದ್ದೂ ಒಂದು ಕಾರಣವೆಂದು ದಾಖಲಾಗಿದೆ. ಅದು ನನಗಿಂತ ಚೆನ್ನಾಗಿ ಅವರಿಗೇ ಗೊತ್ತು. ತಪ್ಪನ್ನು ತಾವಾಗಿ ವರದಿ ಮಾಡುವ ವ್ಯವಸ್ಥೆ ಇದೆಯಲ್ಲ, ನಾಸಾ 1976ರಿಂದ ನಡೆಸುತ್ತಿರುವುದೂ ಇದೆ, ಆ ಕೆಲಸ ಈ ವಾರವೇ ಮಾಡಿ ಎಂದೆ. ನಿದ್ದೆಯಿಲ್ಲದ ಬೆಳಗ್ಗೆ 'ಫಟೀಗ್' ಎಂದು ಹೇಳಿ ಡ್ಯೂಟಿಯಿಂದ ಹಿಂದೆ ಸರಿಯಿರಿ, ಅದು ಸೋಲಲ್ಲ ಎಂದೂ ಹೇಳಿದೆ. ಇದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ. ಹಿಂದಿನ 50 ಸೀಟುಗಳಲ್ಲಿ ಕೂತವರು ಯಾವ ಪಕ್ಷದವರೂ ಅಲ್ಲ.

ಮುಂದಿನ ಭೇಟಿಗೆ ಹೆಂಡತಿಯೂ ಬಂದರು. ಜಂಪ್‌ಸೀಟಿನ ವಿಷಯ ಅವರಿಗೆ ಆ ಹೊತ್ತಿಗೆ ಗೊತ್ತಾಗಿತ್ತು. "ಇದನ್ನ ಮೊದಲೇ ಹೇಳ್ಬಾರದಿತ್ತೇನ್ರೀ" ಎಂದಷ್ಟೇ ಅಂದರು. ಮನೆಗೂ ಒಂದು 10,000 ಅಡಿ ನಿಯಮ ಮಾಡಿಕೊಂಡೆವು. ಮನೆಯೊಳಗೆ ಬಂದ ಮೊದಲ ಎರಡು ಗಂಟೆ ಮತ್ತು ಹೊರಡುವ ಹಿಂದಿನ ರಾತ್ರಿ ಟಿಎ ಮಾತಿಲ್ಲ, ಫೋನು ಅಡುಗೆಮನೆಯ ಕಪಾಟಿನಲ್ಲಿ. ಇನ್ನೊಂದು ದಿನ ಇಬ್ಬರೂ ಪಗಾರದ ಚೀಟಿ ಇಟ್ಟುಕೊಂಡು ಕೂತು, ಒಪ್ಪಿದರೆ ಐದು ವರ್ಷಕ್ಕೆ ಎಷ್ಟು, ಒಪ್ಪದೆ ವಿಮಾನ ಕಡಿಮೆಯಾದರೆ ಎಷ್ಟು, ಕ್ಯಾಪ್ಟನ್ ಸೀಟೇ ಹೋದರೆ ಎಷ್ಟು, ಎಂದು ತಮ್ಮದೇ ಅಂಕಿಗಳಲ್ಲಿ ಬರೆದರು. ಅಲ್ಲಿಯವರೆಗೆ ಆ ಮನೆಯಲ್ಲಿ ಓಡಾಡುತ್ತಿದ್ದುದು ಬೇರೆಯವರ ಅಂಕಿಗಳು. ಬರೆದ ಮೇಲೆ ಹೆಂಡತಿಗೆ ಗಂಡನ ಸಿಟ್ಟು ಅರ್ಥವಾಯಿತು, ಗಂಡನಿಗೆ ಗೆಳೆಯನ ಭಯ. ಯಾವ ಕಡೆ ಮತ ಹಾಕಬೇಕೆಂದು ನಾನು ಹೇಳಲಿಲ್ಲ, ಕೇಳಲೂ ಇಲ್ಲ. ಅದು ಗುಟ್ಟಿನ ಮತ, ಹೆಂಡತಿಗೂ ಹೇಳಬೇಕಾಗಿಲ್ಲ ಎಂದೆ.

ಆದರೆ ನನ್ನ ಅಭಿಪ್ರಾಯವೊಂದನ್ನು ಮುಚ್ಚಿಡಲಿಲ್ಲ. ಗರಗಸದ ಹಿಡಿ ಇರುವುದು ಇವರಿಬ್ಬರ ಕೈಯಲ್ಲೂ ಅಲ್ಲ. ಗುತ್ತಿಗೆ ಹಂಚುವವರು ಒಬ್ಬರ ಭಯವನ್ನು ಇನ್ನೊಬ್ಬರ ಸಿಟ್ಟಿನ ಎದುರು ನಿಲ್ಲಿಸಿದ್ದಾರೆ. ಮುಂದೆ ಪೈಲಟ್‌ಗಳ ಕೊರತೆ ಬಂದು, 2022ರ ಜೂನ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ಒಡೆತನದ ಪ್ರಾದೇಶಿಕ ಸಂಸ್ಥೆಗಳಲ್ಲಿ ಹೊಸ ಫಸ್ಟ್ ಆಫೀಸರ್‌ಗೆ ಗಂಟೆಗೆ 90 ಡಾಲರ್ ಆಯಿತು. 2014ರಲ್ಲಿ ಅದು ಇವರ ಲೆಕ್ಕದಲ್ಲೂ ಇರಲಿಲ್ಲ, ಅವನ ಲೆಕ್ಕದಲ್ಲೂ ಇರಲಿಲ್ಲ.

ಗೆಳೆಯನಿಗೆ ಕಾಗದ ಬರೆಯಲು ಹೇಳಿದೆ. ಮೊದಲ ಕರಡು ಎರಡು ಪುಟ ಇತ್ತು, ಅದರಲ್ಲಿ 'ಆದರೆ' ಎಂಬ ಪದ ಒಂಬತ್ತು ಸಲ. ಒಂಬತ್ತನ್ನೂ ಹೊಡೆದು ಹಾಕಿಸಿದೆ. ಅಭಿಪ್ರಾಯಕ್ಕೆ ಕ್ಷಮೆ ಕೇಳಬೇಕಿಲ್ಲ, ಆಡಿದ ಮಾತಿಗೂ ಕೊಡದ ಸೀಟಿಗೂ ಕೇಳಿ ಎಂದೆ. ಕೊನೆಗೆ ಉಳಿದಿದ್ದು ಮೂರು ಸಾಲು. ಉತ್ತರ ಬರದೆಯೂ ಇರಬಹುದು, ಎರಡನೇ ಕಾಗದ ಬರೆಯಬೇಡಿ ಎಂದೂ ಹೇಳಿದೆ.

ಅಪ್ಪನಿಗೆ ಫೋನ್ ಮಾಡುವುದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಗೇಟ್ ದಾಟಿದ ಆ ಸ್ನೇಹಿತರು ಆಮೇಲೆ ಏನಾದರು ಎಂದು ಕೇಳಿ, ಅಷ್ಟೇ ಸಾಕು ಎಂದಿದ್ದೆ. ಮೂರು ಭಾನುವಾರ ಮುಂದೂಡಿ, ನಾಲ್ಕನೆಯ ಭಾನುವಾರ ಕೇಳಿದರು. ಆ ಕಡೆ ಸದ್ದಿಲ್ಲ. ಲೈನ್ ಕಟ್ ಆಯಿತೇನೋ ಅಂದುಕೊಂಡಾಗ ಅಪ್ಪ ಹೇಳಿದರಂತೆ: "ಅವನ ಹೆಂಡ್ತಿಗೆ ಆಗ ದಿನ ತುಂಬಿತ್ತು ಕಣೋ. ಕೈಯಲ್ಲಿ ಕಾಸಿರಲಿಲ್ಲ. ನಂಗೆ ಗೊತ್ತಿತ್ತು. ಅವನು ತೀರ್ಕೊಂಡಾಗ ಅವನ ಮನೆ ಹತ್ರ ಹೋಗಿದ್ದೆ, ಬೀದಿ ಕೊನೇಲೇ ನಿಂತು ವಾಪಸ್ ಬಂದೆ."

ಮತ ಎಣಿಕೆಯಾಯಿತು. ಒಪ್ಪಂದ ಬಿದ್ದುಹೋಯಿತು. ವಿಮಾನಗಳು ಒಂದೊಂದೇ ಕಡಿಮೆಯಾಗತೊಡಗಿದವು. ಇವರ ಕ್ಯಾಪ್ಟನ್ ಸೀಟು ಉಳಿಯಿತು, ಆದರೆ ಬೇಸ್ ಬದಲಾಗುವ ಮಾತು ನಡೆಯುತ್ತಿತ್ತು. ನಿದ್ದೆ ಆರು ಗಂಟೆಗೆ, ಏಳು ಗಂಟೆಗೆ ಏರಿತು. ಕಾಗದಕ್ಕೆ ಉತ್ತರ ಬರಲಿಲ್ಲ. ಗೆಳೆಯ ಕ್ರ್ಯಾಶ್ ಪ್ಯಾಡ್ ಬಿಟ್ಟಿದ್ದ. ಇವರ ವಿಮಾನ ಇರುವ ದಿನ ಬೇರೆ ಸಂಸ್ಥೆಯ ವಿಮಾನ ಹುಡುಕಿಕೊಂಡು ಊರಿಗೆ ಹೋಗುತ್ತಿದ್ದ.

ಆಗಸ್ಟ್ ತಿಂಗಳ ಒಂದು ರಾತ್ರಿ, ಕೊನೆಯ ವಿಮಾನ, ಸೀಟೆಲ್ಲ ಭರ್ತಿ. ಬಾಗಿಲ ಬಳಿ ಬಂದು ನಿಂತು ನಿಯಮದ ಪ್ರಕಾರವೇ ಕೇಳಿದನಂತೆ: "ಕ್ಯಾಪ್ಟನ್, ಜಂಪ್‌ಸೀಟ್ ಸಿಗುತ್ತಾ?" ಇವರು ಎದ್ದು ತಾವೇ ಸೀಟು ಬಿಡಿಸಿ ಕೊಟ್ಟರು. 10,000 ಅಡಿ ದಾಟಿದ ಮೇಲೂ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನಿಂದ ಅವನು ಕೇಳಿದ್ದು, ಬೆಂಗಳೂರಲ್ಲಿ ನಿಮ್ಮಪ್ಪನ ಮಂಡಿ ಆಪರೇಷನ್ ಆಯ್ತಾ ಎಂದು.